ಹಾಗಾದ್ರೆ ನೀವೀಗ ಮರಾಠಿಯವರಾ?

ಡೊಂಬಿವಲಿಯಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ ನಗುತ್ತ ಕೇಳುವ ಪ್ರಶ್ನೆ ಇದು. ಕಾರಣ, ನಾನೂ ಅಪ್ಪನೂ ಮಾಡಿಸಿದ ಡಿಎನ್‌ಎ ಟೆಸ್ಟ್. ನಾವು ತುಳು ಮಾತಾಡುವ ಬಂಟರು. ಆದರೆ ರತ್ನಾಗಿರಿಯ ಮರಾಠಿ ಮನೆಯ ಹುಡುಗನೊಬ್ಬ ನಮಗೆ ರಕ್ತಸಂಬಂಧಿ ಅಂತ ಬಂತು. ನನ್ನ ಜೊತೆ ಹೊಂದಿಕೆ ಸುಮಾರು ಶೇಕಡಾ 3, ಅಪ್ಪನ ಜೊತೆ ಅದರ ಎರಡರಷ್ಟು. ಅಂದರೆ ಅವನ ಅಜ್ಜನೂ ನನ್ನ ಅಜ್ಜನೂ ಅಣ್ಣತಮ್ಮಂದಿರು ಆಗಿರಬಹುದು.

ಆಗ ಅಪ್ಪನ ಅಕ್ಕ ಬಾಯಿ ಬಿಟ್ಟರು. ಅಜ್ಜ ಗಿರಣಿ ಕೆಲಸಗಾರರ ಮಗು, ತಂದೆ ತಾಯಿ ತೀರಿಕೊಂಡಿದ್ದರು. ಪರೇಲಿನ ಹೋಟೆಲಿಗೆ ಲೋಟ ತೊಳೆಯಲು ಬಂದವರನ್ನು ಧಣಿಯ ಹೆಂಡತಿ ಮಗನಾಗಿ ಸಾಕಿದರು. ತುಳು ಕಲಿತರು, ಕನ್ನಡ ರಾತ್ರಿ ಶಾಲೆಗೆ ಹೋದರು. ಮರಾಠಿ ಚೆನ್ನಾಗಿ ಮಾತಾಡ್ತಿದ್ದರು. ಮುಂಬಯಿಯಲ್ಲಿ ಅದಕ್ಕೆ ಯಾರು ಅನುಮಾನ ಪಡ್ತಾರೆ, ಅಲ್ವಾ?

ತೊಡಕಾದದ್ದು ಅಜ್ಜನ ಮದುವೆಗೆ. ನಮ್ಮಲ್ಲಿ ಬಳಿ, ಅಂದರೆ ಗೋತ್ರದ ಹಾಗಿನ ಕುಲ, ಬರುವುದು ತಾಯಿಯಿಂದ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಹೆಣ್ಣಿನ ಕಡೆಯವರು ಬಳಿ ಕೇಳಿದಾಗ ಆ ಸಾಕುತಾಯಿ ತಡವರಿಸದೆ ತನ್ನ ಬಳಿಯನ್ನೇ ಹೇಳಿದರಂತೆ. ದತ್ತು ಪತ್ರ ಇಲ್ಲ, ಶಾಸ್ತ್ರ ಇಲ್ಲ. ಸುಳ್ಳು ಹೇಳಿದರು ಅಂತ ನಮ್ಮ ಕೆಲವು ನೆಂಟರು ಈಗ ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆತ್ತವಳಿಗಿದ್ದ ಹಕ್ಕು ಸಾಕಿದವಳಿಗೂ ಇತ್ತು.

ತಮಾಷೆ ನೋಡಿ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಬರುತ್ತದೆ, ಹಾಗಾಗಿ ನನ್ನದು ರತ್ನಾಗಿರಿಯದ್ದೇ. ಆದರೆ ಅಪ್ಪನ ಬಳಿ ಅಜ್ಜಿಯದು, ನನ್ನದು ಅಮ್ಮನದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಬರುವ, ಆಸ್ತಿ ಲೆಕ್ಕ ಬದಲಾಯಿತು, ಬಳಿ ಬದಲಾಗಲಿಲ್ಲ. ನಮ್ಮ ಲೆಕ್ಕದಲ್ಲಿ ಅಜ್ಜ ಎಲ್ಲಿ ಹುಟ್ಟಿದರೂ ನಾನು ಅದೇ ಬಳಿಯವನು.

ಇದನ್ನೆಲ್ಲ ಅಪ್ಪನಿಗೂ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಎಪ್ಪತ್ತು ದಾಟಿದ ಮೇಲೆ, ಅಕ್ಕನಿಗೆ ಹೇಳಿದ್ದನ್ನು ತನಗೆ ಯಾಕೆ ಹೇಳಲಿಲ್ಲ ಅಂತ ಅಜ್ಜನ ಮೇಲೆ ಸಿಟ್ಟು. ಆ ಸಿಟ್ಟಿಗೆ ನನ್ನ ಈ ಬಳಿಯ ಲೆಕ್ಕ ಔಷಧಿಯಲ್ಲ.

ಅಜ್ಜ ಮರಾಠಿ ಮನೆಯಲ್ಲಿ ಹುಟ್ಟಿದವರು, ಹೌದು. ನಾನು ಮುಂಬಯಿಯ ಬಂಟ. ರತ್ನಾಗಿರಿಯವರು ಗಣಪತಿಗೆ ಕರೆದಿದ್ದಾರೆ. ನಾನು ಹೋಗ್ತೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ.