ಮುಳ್ಳು ಇಳಿದಾಗ ನಿಲ್ಲಿಸಬೇಕಿತ್ತು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪೊಂದು ಬಂದಿತ್ತು. ರೇಡಿಯೇಟರ್ ಕೂರಿಸಿ, ಹೋಸ್ ಹಾಕಿ ಟ್ರಯಲ್‌ಗೆ ಧಾರವಾಡದ ಕಡೆ ಹೊರಟೆ. ಮಧ್ಯಾಹ್ನದೊಳಗೆ ಡೆಲಿವರಿ ಆಗಲೇಬೇಕು ಅಂತ ಮಾಲೀಕರು ಬೆಳಿಗ್ಗೆಯಿಂದ ಬೆನ್ನು ಹತ್ತಿದ್ದರು.

ಉಣಕಲ್ ದಾಟುವವರೆಗೂ ಇಂಜಿನ್ ನೀರಿನ ಬಿಸಿ ತೋರಿಸುವ ಗೇಜಿನ ಮುಳ್ಳು 180ರಲ್ಲಿತ್ತು. ಫ್ಯಾರನ್‌ಹೀಟ್ ಗೇಜು ಅದು. ನವನಗರದ ಹತ್ತಿರ 200 ಮುಟ್ಟಿತು. ಇನ್ನೂ ಏರಿತು. ಬದಿಗೆ ಹಾಕೋಣ ಅಂತ ಕಾಲು ಸಡಿಲ ಬಿಟ್ಟೆ. ಅಷ್ಟರಲ್ಲಿ ಮುಳ್ಳು ತಾನಾಗಿ ಇಳಿಯತೊಡಗಿತು. 190. 170. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಈಗ ತೆರೆದಿರಬೇಕು ಅಂದುಕೊಂಡೆ. ಜೀವ ಹಗುರಾಯಿತು. ಮುಂದಕ್ಕೆ ಹೊಡೆದೆ.

ರಾಯಾಪುರದ ಹತ್ತಿರ ಪೇಂಟ್ ಸುಟ್ಟ ವಾಸನೆ ಬಂತು. ಇಂಜಿನ್ ಕಟಕಟ ಅನ್ನತೊಡಗಿತು. ಮುಳ್ಳು ಮಾತ್ರ 150ರಲ್ಲಿ ತಣ್ಣಗೆ ಕೂತಿತ್ತು. ಬಾನೆಟ್ ಎತ್ತಿದರೆ ರೇಡಿಯೇಟರಿನ ಕೆಳಗಿನ ಪೈಪಿನ, ಅಂದರೆ ಬಾಟಮ್ ಹೋಸ್‌ನ, ಕ್ಲಿಪ್ ಜಾರಿತ್ತು. ನಾನೇ ಬಿಗಿದಿದ್ದ ಕ್ಲಿಪ್. ಹಣೆಯ ಬೆವರು ಇಂಜಿನ್ನಿನ ಮೇಲ್ಭಾಗದ ಹೆಡ್ ಮೇಲೆ ಬಿದ್ದು ಚುಂಯ್ ಅಂತು. ಹನಿ ನೀರಿರಲಿಲ್ಲ.

ಗೇಜು ಕೆಟ್ಟಿದೆ ಅಂತ ಮೇಸ್ತ್ರಿಗೆ ಹೇಳಿದೆ. ಅವರು ಮಾತಾಡದೆ ಹೆಡ್‌ನಿಂದ ಗೇಜಿನ ಬಲ್ಬ್, ಅಂದರೆ ನೀರಿನ ಬಿಸಿ ಹಿಡಿಯುವ ತುದಿ, ಬಿಚ್ಚಿದರು. ಅದರ ತೆಳು ತಾಮ್ರದ ನಳಿಗೆ ಮಡಿಕೆ ಬೀಳದ ಹಾಗೆ ಕೈಯಲ್ಲಿ ಸುರುಳಿ ಹಿಡಿದು, ಚಹಾದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಇಳಿಬಿಟ್ಟರು. ಮುಳ್ಳು ಸರಸರ ಏರಿ 212ಕ್ಕೆ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ಗೆ, ಸ್ವಲ್ಪ ಕೆಳಗೆ ನಿಂತಿತು. ಅದೇ ಸರಿ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರ, ಇಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ.

"ಗೇಜ ಸುಳ್ಳ ಹೇಳಿಲ್ಲೋ ತಮ್ಮಾ. ಬಲ್ಬಿಗೆ ನೀರs ಹತ್ತಿಲ್ಲ" ಅಂದರು.

ಈ ಗೇಜಿಗೆ ಬ್ಯಾಟರಿ ಬೇಡ. ಬಲ್ಬಿನೊಳಗೆ ಈಥರ್‌ನಂಥ, ಬೇಗ ಆವಿಯಾಗುವ ದ್ರವ ಇರುತ್ತೆ. ಬಿಸಿಯಾದಂತೆ ಆವಿಯ ಒತ್ತಡ ನಳಿಗೆಯಲ್ಲಿ ಹಾದು ಡ್ಯಾಶ್‌ಬೋರ್ಡಿಗೆ ಬರುತ್ತೆ. ಅಲ್ಲಿ ಬಾಗಿದ ಬೂರ್ಡನ್ ಕೊಳವೆ ಸ್ವಲ್ಪ ನೆಟ್ಟಗಾಗಿ ಮುಳ್ಳನ್ನು ತಳ್ಳುತ್ತೆ. ನಳಿಗೆ ವೈರ್ ಅಲ್ಲ, ಕತ್ತರಿಸಿದರೆ ಗೇಜು ಸತ್ತಂತೆ. ನೀರಿನ ಮಟ್ಟ ಬಲ್ಬಿಗಿಂತ ಕೆಳಗಿಳಿದರೆ ಅದಕ್ಕೆ ಮೊದಲಿನಷ್ಟು ಬಿಸಿ ತಾಗಲ್ಲ. ಇಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿಯಬಹುದು. ನವನಗರದಲ್ಲಿ ನಾನು ನೋಡಿದ್ದು ಅದನ್ನೇ.

ಹೆಡ್ ಕೆಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಟ್ರಯಲ್‌ಗೆ ಮುಂಚೆ ಒತ್ತಡ ಕೊಟ್ಟು ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಮಾಡಿದ್ದರೆ ಆ ಕ್ಲಿಪ್ ಶೆಡ್‌ನಲ್ಲೇ ಸಿಗುತ್ತಿತ್ತು. ಟೆಸ್ಟರ್ ಕೊಡಿಸಿ ಅಂತ ಮಾಲೀಕರನ್ನು ಇನ್ನೂ ಕೇಳುತ್ತಲೇ ಇದ್ದೇನೆ.