ಅಷ್ಟೂರಿನ ಗುಮ್ಮಟದೊಳಗೆ ಬಿಸಿಲು

ಬೀದರ್ ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ನಿಂತದ್ದು ಅಷ್ಟೂರಿನಲ್ಲಿ. ಪೇಟೆಯಿಂದ ಸ್ವಲ್ಪ ದೂರ, ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ.

ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಕಾಲಿಟ್ಟಾಗ ಬರೀ ಕತ್ತಲೆ. ಅಲ್ಲಿನ ಚಾಚಾ ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಬೆಳಕು ಗೋಡೆ ಹತ್ತಿತು. ಕೆಂಪು, ನೀಲಿ, ಬಂಗಾರದ ಬಣ್ಣ. ಬಳ್ಳಿಗಳ ನಡುವೆ ಅಕ್ಷರಗಳು.

"ಇವು ಸೂಫಿ ಗುರು ಶಾ ನೇಮತುಲ್ಲಾ ಅವರ ಸಾಲು, ಅಕ್ಕಾರ. ಇರಾನಿನ ಕಿರ್ಮಾನ್ ಕಡೆಯವರು."

ಎಲ್ಲಿಯ ಕಿರ್ಮಾನ್, ಎಲ್ಲಿಯ ಅಷ್ಟೂರು! ಸೂಫಿಗಳ ದಾರಿಯಂತೂ ಇನ್ನೂ ಹಳೆಯದು. ಇರಾಕಿನ ಬಸ್ರಾದಲ್ಲಿ ಸೂಫಿ ಸಂತೆ ರಾಬಿಯಾ ತೀರಿಕೊಂಡದ್ದು 801ರಲ್ಲಿ. ಸ್ವರ್ಗವನ್ನು ಸುಡಲು ಬೆಂಕಿ, ನರಕವನ್ನು ಆರಿಸಲು ನೀರು ಹಿಡಿದು ಬೀದಿಗಿಳಿದಳು ಎಂಬ ಕತೆ ಅವಳದ್ದು. ಆಸೆ, ಭಯ ಎರಡೂ ಇಲ್ಲದೆ ದೇವರನ್ನು ಪ್ರೀತಿಸಬೇಕು ಅಂತ. ನನಗೆ ಸೂಫಿಗಳಲ್ಲಿ ಅವಳೇ ಜಾಸ್ತಿ ಇಷ್ಟ. ಆಗ ಮಠವಿಲ್ಲ, ಪರಂಪರೆಯ ಪಟ್ಟಿಯಿಲ್ಲ. ಆಮೇಲೆ ಬಾಗ್ದಾದಿನಲ್ಲಿ ಜುನೈದ್ ಎಂಬ ಗುರು ಈ ದಾರಿಗೆ ಒಂದು ಶಿಸ್ತು ತಂದರು. ಅಲ್ಲೇ 922ರಲ್ಲಿ ಹಲ್ಲಾಜ್ ಎಂಬ ಸೂಫಿಯನ್ನು ಕೊಂದರು. 12ನೇ ಶತಮಾನದಿಂದ ಗುರುಪರಂಪರೆಗಳು ಗಟ್ಟಿಯಾಗುತ್ತಾ ಬಂದವು. ನೇಮತುಲ್ಲಾ ಅವರದ್ದೂ ಜುನೈದರ ಮೂಲಕವೇ ಇಳಿದು ಬಂದದ್ದು.

ಅಹ್ಮದ್ ಶಾ ಮೊದಲು ನಂಬಿದ್ದು ಕಲಬುರಗಿಯ ಸೂಫಿ ಸಂತ ಬಂದೇ ನವಾಜರನ್ನು. ಸುಲ್ತಾನನಿಗೆ ಸಿಂಹಾಸನ ಸಿಕ್ಕ 1422ರಲ್ಲೇ ಬಂದೇ ನವಾಜರು ತೀರಿಕೊಂಡರು. ಆಮೇಲೆ ಸುಲ್ತಾನ ಕಿರ್ಮಾನಿಗೆ ಹೇಳಿಕಳುಹಿಸಿದ. ನೇಮತುಲ್ಲಾ ತಾವು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ದಿಲ್ಲಿಯ ಸೂಫಿ ನಿಜಾಮುದ್ದೀನ್ ಔಲಿಯಾ ಸುಲ್ತಾನರ ಆಸ್ಥಾನದಿಂದ ದೂರವೇ ಉಳಿದಿದ್ದವರು. ಅದನ್ನು ನೆನೆದರೆ ದೊರೆಗಳ ಈ ಆಹ್ವಾನ, ಜಹಗೀರು ನನಗೆ ಅಷ್ಟಾಗಿ ರುಚಿಸುವುದಿಲ್ಲ.

ಚಾಚಾಗೆ ಇದನ್ನೇ ಹೇಳಿದೆ. ಅವರು ಕನ್ನಡಿ ಕೆಳಗಿಟ್ಟರು.

"ನೀವು ಸುಲ್ತಾನ ಅಂತೀರಿ. ಮಾಡಿಯಾಳದವರಿಗೆ ಇವರು ಅಲ್ಲಮಪ್ರಭು ನೋಡ್ರಿ."

ಹೋಳಿ ಕಳೆದ ಮೇಲೆ ಇಲ್ಲಿ ಉರುಸು. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಅಷ್ಟು ದೂರ ನಡೆದೇ ಬರುತ್ತಾರೆ. ಗೋರಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಅಲ್ಲಮ 12ನೇ ಶತಮಾನದವನು, ಅಹ್ಮದ್ ಶಾ ಸತ್ತದ್ದು 1436ರಲ್ಲಿ. ಆ ಲೆಕ್ಕ ಇಲ್ಲಿ ಯಾರಿಗೂ ಬೇಕಾಗಿಲ್ಲ.

"ಮುಸಲ್ಮಾನರ ಗೋರಿ ಮುಂದೆ ಕಾಯಿ ಒಡೆದರೆ ಯಾರೂ ಏನೂ ಅನ್ನಲ್ವಾ ಚಾಚಾ?"

"ಯಾಕ ಅಂತಾರ್ರೀ? ಅವರು ಬರಲಿಲ್ಲಂದ್ರ ಉರುಸು ಹೆಂಗ ಶುರು ಆಗ್ತದ?"

ನನಗೆ ಮಾತೇ ಹೊರಡಲಿಲ್ಲ. ಸುಲ್ತಾನ ಹೇಳಿಕಳುಹಿಸಿ ತರಿಸಿಕೊಂಡದ್ದನ್ನು ಇಷ್ಟು ಶತಮಾನ ಉಳಿಸಿಕೊಂಡವರು ಈ ನಡೆದು ಬರುವವರು, ಇಂಥ ಚಾಚಾಗಳು. ರಾಬಿಯಾಗೆ ಹತ್ತಿರದವರು ಇವರೇ ಅಂತ ನನಗೆ ಖಾತ್ರಿಯಾಯಿತು.

ನೀವು ಹೋದರೆ ಬಿಸಿಲಿರುವ ದಿನವೇ ಹೋಗಿ, ಮೋಡವಿದ್ದರೆ ಕನ್ನಡಿ ಕೆಲಸಕ್ಕೆ ಬರುವುದಿಲ್ಲ. ಆಟೋದವರಿಗೆ ಹೋಗಿಬರುವ ದುಡ್ಡನ್ನು ಮೊದಲೇ ಕೊಡಬೇಡಿ. ಕಾಯುತ್ತೇನೆ ಅಂದವನು ಹೊರಟೇ ಹೋಗಿದ್ದ, ಸುಡುಬಿಸಿಲಲ್ಲಿ ನಡೆದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ದಾರಿಯಲ್ಲೇ ಚೌಖಂಡಿ ಸಿಕ್ಕಿತು, ನೇಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿ. ತಂದೆ ತೀರಿಕೊಂಡ ಮೇಲೆ ಬೀದರಿಗೆ ಬಂದವರು. ಎಂಟು ಮೂಲೆಯ ಎತ್ತರದ ಗೋಡೆ, ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ಬರಹ. ಮೆಟ್ಟಿಲು ಹತ್ತಿ ಅದನ್ನು ಹತ್ತಿರದಿಂದ ನೋಡಿ.