ಮುದ್ರಣಾಲಯದ ಎಫ್‌ಟಿಪಿ ನಿಲ್ಲಿಸಿದೆವು

ಉಡುಪಿಯ ನಮ್ಮ ಮುದ್ರಣಾಲಯವು ಗ್ರಾಹಕರಿಂದ ಫೈಲುಗಳನ್ನು ತರಿಸಿಕೊಳ್ಳಲು ಬಳಸುತ್ತಿದ್ದ ಎಫ್‌ಟಿಪಿ (ಕಂಪ್ಯೂಟರುಗಳ ನಡುವೆ ಫೈಲು ಸಾಗಿಸುವ ಹಳೆಯ ವಿಧಾನ) ಸರ್ವರನ್ನು ಈ ಮಳೆಗಾಲಕ್ಕೆ ಮುಂಚೆಯೇ ಪೂರ್ಣವಾಗಿ ನಿಲ್ಲಿಸಿದ್ದೇವೆ. ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಮದುವೆಯ ಆಮಂತ್ರಣ ಪತ್ರಿಕೆ ಮುಂತಾದವುಗಳ ಪಿಡಿಎಫ್‌ಗಳು ಕಾರ್ಕಳ, ಕುಂದಾಪುರ, ಬ್ರಹ್ಮಾವರದ ಡಿಸೈನರ್‌ಗಳಿಂದ ಇನ್ನು ಮುಂದೆ ಬ್ರೌಸರ್ ಮೂಲಕವೇ ನಮಗೆ ಬರುತ್ತವೆ. “ಸರಿಯಾಗಿ ನಡೆಯುತ್ತಿದ್ದದ್ದನ್ನು ಯಾಕೆ ನಿಲ್ಲಿಸಿದ್ದು ಮಾರಾಯ್ರೆ?” ಎಂದು ಹಲವರು ಕೇಳಿದ್ದಾರೆ. ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಇಲ್ಲಿ ವಿವರವಾಗಿ ಬರೆಯುವುದು ಮೇಲೆಂದು ಭಾವಿಸಿದ್ದೇನೆ.

ಎಫ್‌ಟಿಪಿಯ ಬಗ್ಗೆ ನನಗೆ ಗೌರವವಿದೆ. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್ ಅವರು 1971ರ ಏಪ್ರಿಲ್‌ನಲ್ಲಿ ಅದರ ಮೊದಲ ರೂಪವನ್ನು ಬರೆದರು. ಇಂದಿಗೂ ಆಧಾರವಾಗಿರುವ ನಿಯಮಪತ್ರ ಆರ್‌ಎಫ್‌ಸಿ 959 ಬಂದದ್ದು 1985ರಲ್ಲಿ. ಬೆರಳೆಣಿಕೆಯ ಸಂಸ್ಥೆಗಳಷ್ಟೇ ಜಾಲದಲ್ಲಿದ್ದ ಆ ಕಾಲದಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಸಾಗುವುದು ದೊಡ್ಡ ಅಪಾಯವಾಗಿ ಕಾಣದಿದ್ದದ್ದು ಸಹಜವೇ. ಇಂದು ಅದೇ ಸಂಪರ್ಕವನ್ನು ಜಾಲದಲ್ಲಿ ಸಾಗುವುದನ್ನೆಲ್ಲ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ತೆರೆದು ನೋಡಿದರೆ, ‘ಪಾಸ್’ ಎಂಬ ಆಜ್ಞೆಯ ಪಕ್ಕದಲ್ಲೇ ಗ್ರಾಹಕರ ಪಾಸ್‌ವರ್ಡ್ ಅಚ್ಚುಹಾಕಿದಂತೆ ಕಾಣಿಸುತ್ತದೆ. ಅದೇ ಪಾಸ್‌ವರ್ಡನ್ನು ಇಮೇಲಿಗೂ ಇಟ್ಟುಕೊಂಡವರು ಎಷ್ಟು ಮಂದಿಯೋ! ನಿಲ್ಲಿಸಲು ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕಿತ್ತು.

ಎರಡನೆಯ ತೊಂದರೆ ಅದರ ರಚನೆಯಲ್ಲೇ ಇದೆ. ಆಜ್ಞೆಗಳು ಸರ್ವರಿನ 21ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಿನಲ್ಲಿ, ನಡೆದರೆ, ಫೈಲಿಗೆ ಪ್ರತಿ ಸಲವೂ ಬೇರೆಯೇ ಸಂಪರ್ಕ ಬೇಕು. ಈ ಸಂಪರ್ಕವನ್ನು ಗ್ರಾಹಕರ ಕಡೆಯಿಂದಲೇ ಶುರುಮಾಡುವ ಪ್ಯಾಸಿವ್ ವಿಧಾನದಲ್ಲಿ ಸರ್ವರ್ 227 ಎಂಬ ಉತ್ತರದ ಸಂಖ್ಯೆಯೊಂದಿಗೆ 192,168,1,10,195,80 ಎಂಬಂತಹ ಆರು ಸಂಖ್ಯೆಗಳನ್ನು ಕಳುಹಿಸುತ್ತದೆ. ಮೊದಲ ನಾಲ್ಕು ಸರ್ವರಿನ ವಿಳಾಸ. ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿಸಿದರೆ ಸಿಗುವ 50000 ಪೋರ್ಟಿನ ಸಂಖ್ಯೆ. ಆದರೆ 192.168ರಿಂದ ಶುರುವಾಗುವ ವಿಳಾಸ ನಮ್ಮ ಕಚೇರಿಯೊಳಗಿನದ್ದು, ಕುಂದಾಪುರದಲ್ಲಿ ಕುಳಿತವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಸಾಮಾನ್ಯವಾಗಿ ರೂಟರ್ ಈ ಮಾತನ್ನು ಮಧ್ಯದಲ್ಲಿ ಓದಿ ಹೊರಗಿನ ವಿಳಾಸಕ್ಕೆ ಬದಲಿಸಿಕೊಡಬೇಕಾಗುತ್ತದೆ. ಸುರಕ್ಷತೆಗೆಂದು ಮಾತುಕತೆಯನ್ನು ಗೂಢಲಿಪಿಗೆ ಹಾಕಿದರೆ ರೂಟರ್ ಓದಲಾರದು. ಲಾಗಿನ್ ಆಗಿಯೂ ಫೋಲ್ಡರ್‌ನ ಪಟ್ಟಿ ತೆರೆದುಕೊಳ್ಳದೆ ಗಂಟೆಗಟ್ಟಲೆ ಕಾದವರಿಗೆ ಕಾರಣ ಹೀಗೆ ಅರ್ಥವಾಗಬಹುದು.

ದೊಡ್ಡವರು ಇದನ್ನು ಮೊದಲೇ ಕೈಬಿಟ್ಟಿದ್ದಾರೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ತಾಣವೂ, ಅದರ ಮೇಲೆ ಕಟ್ಟಿದ ಡೆಬಿಯನ್‌ನ ಬಳಗವೂ 2017ರಲ್ಲೇ ತಮ್ಮ ಸಾರ್ವಜನಿಕ ಎಫ್‌ಟಿಪಿಯನ್ನು ಮುಚ್ಚಿದವು. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿ ಅದರ ಬೆಂಬಲವನ್ನೇ ತೆಗೆದುಹಾಕಿದವು.

ಆದರೆ ಹಳೆಯದರಲ್ಲಿದ್ದ ಒಂದು ಅನುಕೂಲವನ್ನು ಉಳಿಸಿಕೊಳ್ಳದೆ ಹೊಸದಕ್ಕೆ ಹೋಗುವುದು ನನಗೆ ಒಪ್ಪಿಗೆಯಿರಲಿಲ್ಲ. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ, ಎಫ್‌ಟಿಪಿಯಲ್ಲಿ ಫೈಲು ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು. ಸಾಮಾನ್ಯ ವೆಬ್ ಫಾರ್ಮ್ ಮೊದಲಿನಿಂದ ಶುರುಮಾಡಿಸುತ್ತದೆ. ಚಿತ್ರಗಳೇ ತುಂಬಿದ ನೂರಾರು ಪುಟಗಳ ಸ್ಮರಣ ಸಂಚಿಕೆಯನ್ನು ಕಳುಹಿಸುವವರಿಗೆ ಇದು ದೊಡ್ಡ ಹಿಂಸೆ. ಆದ್ದರಿಂದ ಫೈಲನ್ನು ಸಣ್ಣ ತುಂಡುಗಳಾಗಿ ಕಳುಹಿಸಿ, ತಲುಪಿದ ತುಂಡುಗಳ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆಯನ್ನೇ ಆರಿಸಿದ್ದೇವೆ. ಕೊನೆಯಲ್ಲಿ ಎರಡೂ ಕಡೆ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂತಹ ಸಂಖ್ಯೆ) ತಾಳೆಯಾದ ಮೇಲಷ್ಟೇ ‘ತಲುಪಿದೆ’ ಎಂಬ ಸಂದೇಶ ಬರುತ್ತದೆ. ಹಳೆಯ ಎಫ್‌ಟಿಪಿ ತಂತ್ರಾಂಶಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿದ್ದ ಕನ್ನಡ ಫೈಲ್ ಹೆಸರುಗಳೂ ಈಗ ಇದ್ದ ಹಾಗೆಯೇ ಕಾಣುತ್ತವೆ.

ಹಿಂದಿನ ಫೈಲುಗಳೆಲ್ಲ ಅದೇ ಫೋಲ್ಡರ್‌ಗಳಲ್ಲಿ, ಅದೇ ಹೆಸರು ಮತ್ತು ದಿನಾಂಕದೊಂದಿಗೆ ಇವೆ. ಹಳೆಯ ಪಾಸ್‌ವರ್ಡ್‌ಗಳನ್ನು ಮಾತ್ರ ರದ್ದುಗೊಳಿಸಿದ್ದೇವೆ. ಶ್ರೀಲಿಪಿ ಫಾಂಟಿನ ಅಕ್ಷರಗಳಿರುವ, ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕೆಲಸಕ್ಕಾಗಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಇನ್ನೂ ಉಳಿಸಿಕೊಂಡಿರುವ ಹಿರಿಯ ಡಿಸೈನರ್‌ಗಳಿದ್ದಾರೆ. ಅವರ ಹಳೆಯ ಬ್ರೌಸರಿನಲ್ಲಿ ಹೊಸ ಪುಟ ತೆರೆಯುವುದಿಲ್ಲ. ಅವರು ಫೈಲನ್ನು ಪೆನ್‌ಡ್ರೈವ್‌ನಲ್ಲಿ ನಮ್ಮ ಕೌಂಟರಿಗೆ ತಂದುಕೊಡಬಹುದು, ಇಲ್ಲವೇ ಮನೆಯವರ ಮೊಬೈಲಿನಿಂದ ಕಳುಹಿಸಬಹುದು. ಲಾಗಿನ್ ಮಾಡಿಕೊಡಲು ನಾನೇ ಅವರ ಮನೆಗೆ ಬರುತ್ತೇನೆ.